ಬಲಕ್ಕೆ ಹೊರಳಿದಾಗ ನುಡಿದ ಹಲ್ಲಿ

ಯಾರ ಕಾರು ಯಾವ ಓಣಿಗೆ ಬಂತೆಂಬುದನ್ನು ಒಳಗೆ ಕೂತು ರೊಟ್ಟಿ ಬಡಿಯುವವರೂ ಸಪ್ಪಳದ ಮೇಲೆ ಹೇಳಿಬಿಡುತ್ತಿದ್ದ ದಿನಗಳವು. ಗೋಕಾಕದಲ್ಲಿ ಆಗ ಕಾರುಗಳೇ ಎಷ್ಟಿದ್ದವು! ಡಾಕ್ಟರರದು ಕೆಮ್ಮುತ್ತ ಬರುತ್ತಿತ್ತು. ಮಿಲ್ಲಿನ ದೊಡ್ಡ ಸಾಹೇಬರದು ಬಂದು ನಿಂತ ಮೇಲೆಯೇ ತಿಳಿಯುತ್ತಿತ್ತು. ನಮ್ಮದು ಮಾತ್ರ, ಆ ಒಂದು ಬೇಸಿಗೆಯಲ್ಲಿ, ಓಣಿಯ ಮೂಲೆಯಲ್ಲಿ ಬಲಕ್ಕೆ ಹೊರಳುವಾಗ, ಯಾರೋ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಲೊಚಗುಟ್ಟಿದಂತೆ ‘ಟಕ್, ಟಕ್, ಟಕ್’ ಅನ್ನುತ್ತಿತ್ತು. ಆ ಸಪ್ಪಳಕ್ಕೆ ನಮ್ಮ ಮನೆಯ ಒಬ್ಬ ಹೆಣ್ಣುಮಗಳ ಬದುಕು ಕೆಲವು ವಾರ ಜೋತುಬಿದ್ದಿತ್ತು.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸದು. ನಾನು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದೆ. ಬೇಸಿಗೆಯ ಸೂಟಿಗೆ ಮನೆಗೆ ಬಂದಿದ್ದೆ. ಕಾನ್ವೆಂಟಿನಲ್ಲಿ ಏಳುವುದಕ್ಕೂ ಗಂಟೆ, ಉಣ್ಣುವುದಕ್ಕೂ ಗಂಟೆ. ಮನೆಗೆ ಬಂದ ಹೊಸತರಲ್ಲಿ ಯಾರೂ ಗಂಟೆ ಬಾರಿಸದೆ ನನಗೆ ಹಸಿವೆಯಾದದ್ದೇ ಗೊತ್ತಾಗುತ್ತಿರಲಿಲ್ಲ. ಮಾಳಿಗೆಯ ಮೇಲೆ ಹಳೆಯ ಧೋತರದ ಮೇಲೆ ಸಂಡಿಗೆ ಒಣಗುತ್ತಿದ್ದವು. ಅಡುಗೆಮನೆಯಲ್ಲಿ ಮಾವಿನಕಾಯಿ ತೊಕ್ಕಿಗೆ ಹುರಿದ ಮೆಂತ್ಯದ ಕಹಿ ವಾಸನೆ. ಸೆಕೆಗೆ ಎಲ್ಲರೂ ದಣಿದಿದ್ದರು, ಮಾತಾಡುವುದಕ್ಕೂ ಬೇಸರಪಡುತ್ತಿದ್ದರು.

ನಮ್ಮಪ್ಪ ವಕೀಲರು. ಊರು ಬಿಟ್ಟು ಹೊರಟ ಒಬ್ಬ ಇಂಜಿನಿಯರ ಸಾಹೇಬರಿಂದ ಆ ಹಳೆಯ ಕರಿ ಕಾರನ್ನು ಕೊಂಡಿದ್ದರು. ಕೋರ್ಟಿನಲ್ಲಿ ದಿನವಿಡೀ ಮಂದಿಯ ಪರವಾಗಿ ಮಾತಾಡಿ ಮನೆಗೆ ಬಂದರೆ ಅವರಿಗೆ ಮಾತೇ ಉಳಿದಿರುತ್ತಿರಲಿಲ್ಲ. ಮನೆಯಲ್ಲಿ ನಿಕಾಲಿ, ಕೊನೆಯ ತೀರ್ಪು, ಕೊಡುವವಳು ಆಯಿ, ಅಂದರೆ ಅಪ್ಪನ ತಾಯಿ. ಅವಳ ಮಾತಿಗೆ ಎದುರು ಮಾತು ಆಡುವ ರೂಢಿ ನಮ್ಮಲ್ಲಿರಲಿಲ್ಲ. ನಮ್ಮವ್ವ ಆಡುತ್ತಿದ್ದಳು, ಆದರೆ ತಲೆ ಎತ್ತದೆ, ಬೀಸುಕಲ್ಲಿನ ಕಡೆ ನೋಡಿಕೊಂಡೇ.

ಇನ್ನು ಗಂಗತ್ತಿ. ಅಪ್ಪನ ಕೊನೆಯ ತಂಗಿ. ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಆಗಿನ ಕಾಲಕ್ಕೆ ಆ ಪರೀಕ್ಷೆ ಪಾಸಾದವರಿಗೆ ಮಾಸ್ತರಕಿ ಸಿಗುತ್ತಿತ್ತು. ಮೂಡಲಗಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿಯ ದೊಡ್ಡ ಅಕ್ಕೋರು, ಅಂದರೆ ಮುಖ್ಯ ಶಿಕ್ಷಕಿ, ಅವಳನ್ನು ಬಾ ಎಂದಿದ್ದರು. ಅದೇ ಹೊತ್ತಿಗೆ ಹುಕ್ಕೇರಿಯಿಂದ ಒಂದು ಸಂಬಂಧ ಬಂತು. ಪೇಟೆಯಲ್ಲಿ ತಾಮ್ರ-ಹಿತ್ತಾಳೆಯ ಅಂಗಡಿ, ದೊಡ್ಡ ಮನೆ. ಹುಡುಗನೂ ಒಳ್ಳೆಯವನೇ. ಆದರೆ ಹುಡುಗನ ತಾಯಿ ಮೊದಲ ಮಾತಿಗೇ, “ನಮ್ಮ ಮನ್ಯಾಗಿನ ಹೆಣ್ಣಮಕ್ಕಳು ಪಗಾರಕ್ಕ ಹೋಗಂಗಿಲ್ಲ ನೋಡ್ರಿ” ಎಂದು ಹೇಳಿ ಕಳಿಸಿದ್ದರು. ಹುಕ್ಕೇರಿ ಅಂದರೆ ಮೂಡಲಗಿ ಇಲ್ಲ. ಮೂಡಲಗಿ ಅಂದರೆ ಹುಕ್ಕೇರಿ ಇಲ್ಲ. ಎರಡರ ನಡುವೆ ಗಂಗತ್ತಿಯನ್ನು ಯಾರೂ ಏನೂ ಕೇಳಲಿಲ್ಲ. ಕೇಳಬೇಕೆಂಬುದೇ ಯಾರಿಗೂ ಹೊಳೆದಿರಲಿಲ್ಲ.

ಒಂದು ದಿನ ಮನೆ ನೋಡಲು ಎಲ್ಲರೂ ಹುಕ್ಕೇರಿಗೆ ಹೋದೆವು. ಅಪ್ಪ ಕಾರು ನಡೆಸುತ್ತಿದ್ದರು. ಅವರ ಎಡಕ್ಕೆ ನಾನು, ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು. ಹಿಂದೆ ಆಯಿ, ಅವ್ವ, ಗಂಗತ್ತಿ. ಹುಕ್ಕೇರಿ ಹಾದಿಯಲ್ಲಿ ಒಂದು ದೊಡ್ಡ ಬೇವಿನ ಗಿಡವಿತ್ತು, ಅಲ್ಲಿ ರಸ್ತೆ ಗಕ್ಕನೆ ಬಲಕ್ಕೆ ಹೊರಳುತ್ತಿತ್ತು. ಅಲ್ಲಿಯೇ ಮೊದಲ ಸಲ ಅಪ್ಪ ಕಿವಿ ಓರೆ ಮಾಡಿದ್ದನ್ನು ಕಂಡೆ.

“ಏನೋ ಸಪ್ಪಳ ಬರಾಕತ್ತೈತಿ,” ಅಂದರು ತಮ್ಮಷ್ಟಕ್ಕೆ. ಹಿಂದಿನವರು ಸೆಕೆಗೆ ತೂಕಡಿಸುತ್ತಿದ್ದರು.

ಸಂಜೆ ತಿರುಗಿ ಬಂದೆವು. ನಮ್ಮ ಓಣಿಯ ಮೂಲೆ ಬರುವ ಹೊತ್ತಿಗೆ ಆಯಿ, “ಗಂಗಾಗ ಈ ಮನಿ ಹೊಂದತೈತಿ. ಹಿತ್ತಲದಾಗ ಬಾವಿ ಐತಿ, ಕೊಡಾ ಹೊತ್ಕೊಂಡು ಹೊಳಿಗೆ ಹೋಗೂ ತ್ರಾಸಿಲ್ಲ” ಅನ್ನುತ್ತಿದ್ದಳು. ಅಪ್ಪ ಬಲಕ್ಕೆ ಹೊರಳಿಸಿದರು.

ಟಕ್, ಟಕ್, ಟಕ್.

ಆಯಿ ಥಟ್ಟನೆ ಬೆರಳ ಗೆಣ್ಣಿನಿಂದ ಮುಂದಿನ ಸೀಟಿನ ಕಟ್ಟಿಗೆಯ ಮೇಲೆ ಬಡಿದು, “ಖರೆ, ಖರೆ!” ಅಂದಳು. “ಕೇಳಿದ್ರೇನು? ಹಲ್ಲಿ ನುಡೀತು!”

ನಮ್ಮ ಕಡೆ ಯಾರಾದರೂ ಮಾತಾಡುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆಯಾಗುತ್ತದೆಂದು ತಿಳಿಯುತ್ತಿದ್ದರು. ಕೇಳಿದವರು ಗೆಣ್ಣಿನಿಂದ ನೆಲ ಬಡಿದು ಹಲ್ಲಿಗೆ ಹೂಂಗುಟ್ಟಬೇಕು. ಕಾನ್ವೆಂಟಿನಲ್ಲಿ ನಾನು ಒಮ್ಮೆ ಹಾಗೆ ಡೆಸ್ಕು ಬಡಿದು ಸಿಸ್ಟರ ಕೈಯಿಂದ ಬೆರಳ ಮೇಲೆ ಪಟ್ಟಿಯ ಏಟು ತಿಂದಿದ್ದೆ.

“ಅವ್ವಾ, ಗಾಡ್ಯಾಗ ಎಲ್ಲಿ ಹಲ್ಲಿ ಬಂತು?” ಅಪ್ಪ ನಕ್ಕರು.

“ಮನ್ಯಾಗ ಇರೂ ಹಲ್ಲಿ ನಿನ್ನ ಕೇಳಿ ಬಂದೈತೇನು, ಬಸೂ? ಇದೂ ಹಂಗಽ ಬಂದೈತಿ.”

ಮನೆಯ ಮುಂದೆ ಇಳಿದು ಸೀಟು ಎತ್ತಿ ನೋಡಿದರು. ಒಂದು ಹುಣಸೆಬೀಜ, ಸಾಹೇಬರ ಕಾಲದ ಒಂದು ಗುಂಡಿ, ಇಷ್ಟೇ ಸಿಕ್ಕಿತು. ಆಯಿಗೆ ಅದರಿಂದ ಏನೂ ಆಗಲಿಲ್ಲ. “ಕರದ್ರ ಬರತೈತೇನು ಹಲ್ಲಿ? ಅಡಗಿರತೈತಿ,” ಅಂದಳು. ಸೀಟಿನಡಿ ಒಂದು ಹಲ್ಲಿ ಇದೆ, ಅದು ಹುಕ್ಕೇರಿಗೆ ಒಪ್ಪಿಗೆ ಕೊಟ್ಟಿದೆ. ಮಾತು ಮುಗಿಯಿತು.

ಮರುದಿನದಿಂದ ಗಂಗತ್ತಿ ಮಾತು ಕಡಿಮೆ ಮಾಡಿದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ಕೆಲಸ ಮಾತ್ರ ಹೆಚ್ಚು ಮಾಡತೊಡಗಿದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುವುದು. ಕೂತಲ್ಲಿ ಬೆರಳಿನಿಂದ ನೆಲದ ಮೇಲೆ ಏನೋ ಬರೆಯುತ್ತಿದ್ದಳು. ನಾನು ಬಗ್ಗಿ ನೋಡಿದರೆ ಅಂಗೈಯಿಂದ ಒರೆಸಿಬಿಡುತ್ತಿದ್ದಳು, ಬರಿಯ ನೆಲವನ್ನು.

ನನಗೆ ಕಾರಿನ ಸಪ್ಪಳ ತಲೆಯೊಳಗೆ ಹೊಕ್ಕಿತ್ತು. ಮಧ್ಯಾಹ್ನ ಮನೆಯ ಸದ್ದಡಗಿದಾಗ ಅಂಗಳದಲ್ಲಿ ನಿಂತ ಕಾರಿನೊಳಗೆ ಕೂತು, “ಅಂಕಲಗಿ, ಅಂಕಲಗಿ, ಯಾರ್ರಿ ಅಂಕಲಗಿ!” ಎಂದು ಕಂಡಕ್ಟರನ ಆಟ ಆಡುವುದು ನನ್ನ ಆ ಸೂಟಿಯ ಸುಖ. ಚಕ್ರ ಹಿಡಿದು ಜಗ್ಗಿದರೆ ನಿಂತ ಕಾರು ಏನೂ ಅನ್ನುತ್ತಿರಲಿಲ್ಲ. ಅಪ್ಪನ ಜೊತೆ ಕೋರ್ಟಿನ ತನಕ ಹೋಗಿ ಬರುವಾಗ ಮಾತ್ರ, ಚಪ್ಪಲಿ ಬಿಚ್ಚಿ ಬರಿಗಾಲು ಊರಿ ಕೂತರೆ, ಬಲಕ್ಕೆ ಹೊರಳಿದಾಗಲೆಲ್ಲ ನನ್ನ ಎಡಗಾಲಿನ ಅಡಿ ಯಾರೋ ಕೆಳಗಿನಿಂದ ಚಿಟಿಕೆ ಹೊಡೆದಂತಾಗುತ್ತಿತ್ತು. ಎಡಕ್ಕೆ ಹೊರಳಿದರೆ ಇಲ್ಲ. ನೆಟ್ಟಗೆ ಹೋದರೆ ಇಲ್ಲ.

ಮಾಳಿಗೆಯ ಮೇಲೆ ಸಂಡಿಗೆ ತಿರುವಿ ಹಾಕುವಾಗ ಗಂಗತ್ತಿಗೆ ಹೇಳಿದೆ.

“ಎಡಕ್ಕ ಹೊಳ್ಳಿದ್ರ?” ಅಂದಳು.

“ಏನೂ ಇಲ್ಲ.”

“ನೆಟ್ಟಗ ಹೋದ್ರ?”

“ಸುಮ್ಮನಿರತೈತಿ. ಬಲಕ್ಕ ಹೊಳ್ಳಿದಾಗಷ್ಟ. ಅದು ಹಲ್ಲಿ ಅಲ್ಲ ಗಂಗತ್ತಿ, ನನ್ನ ಕಾಲ ಕೆಳಗಿನ ಗಾಲಿ.”

ಅವಳು ಅಂಟಿದ ಹಿಟ್ಟನ್ನು ಬೆರಳಿನಿಂದ ನಿಧಾನವಾಗಿ ಸುಲಿಯುತ್ತ ಕೂತಳು. ಆಮೇಲೆ ತುಟಿಯ ಒಂದು ಬದಿ ಮೇಲೇರಿತು. “ಹಂಗಂದ್ರ ವಿಮ್ಮಿ, ನಮ್ಮ ಹಲ್ಲಿ ಯಾರ ಮಾತು ಅಂತ ನೋಡಂಗಿಲ್ಲ. ಹಾದಿ ಅಷ್ಟ ನೋಡತೈತಿ ಅನ್ನು.” ಅಂದು ನಕ್ಕಳು. ಆ ಬೇಸಿಗೆಯಲ್ಲಿ ಅವಳು ಹಲ್ಲು ಕಾಣುವಂತೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಆ ವಾರವೇ ಮೂಡಲಗಿಗೆ ಹೊರಟೆವು. ದೊಡ್ಡ ಅಕ್ಕೋರಿಗೆ ‘ನಮ್ಮ ಹುಡುಗಿ ಬರುವುದಿಲ್ಲ’ ಎಂದು ಹೇಳಿ ಬರಬೇಕಿತ್ತು. ಕಾರಿನಲ್ಲಿ ಕೂರುವ ಚಟ ಹತ್ತಿದ್ದ ಆಯಿ ತಾನೂ ಬಂದಳು. ಹೊಳೆ ದಾಟಿದೆವು, ಅರಭಾವಿ ದಾಟಿದೆವು. ಮುಂದೆ ಕಾಲುವೆಯ ಹತ್ತಿರ ರಸ್ತೆ ಬಲಕ್ಕೆ ಹೊರಳುತ್ತದೆ. ನಾನು ಹಿಂದಿರುಗಿ ನೋಡಿದೆ. ಗಂಗತ್ತಿ ಹೊರಗೆ ನೋಡುತ್ತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಅಪ್ಪನ ಕೈ ಚಕ್ರದ ಮೇಲೆ ಸರಿಯಿತು.

“ಅವ್ವಾ, ಮೂಡಲಗಿ ಸಾಲಿ ನನ್ನ ಹಣ್ಯಾಗ ಬರದೈತಿ ಅನಸತೈತಿ ನನಗ,” ಅಂದಳು ಗಂಗತ್ತಿ.

ಟಕ್, ಟಕ್, ಟಕ್.

ಆಯಿಯ ಕೈ ತಾನಾಗಿಯೇ ಎದ್ದು ಸೀಟಿನ ಕಟ್ಟಿಗೆಗೆ ಹೋಯಿತು. ಒಂದು ಬಡಿದಳು. ಎರಡನೆಯದಕ್ಕೆ ಕೈ ಗಾಳಿಯಲ್ಲಿಯೇ ನಿಂತಿತು.

“ಈ ಹಲ್ಲಿಗೇನು ಬುದ್ಧಿ ಕೆಟ್ಟೈತೇನು?” ಅಂದಳು.

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕಾಲುವೆಯ ನೀರು ನೋಡತೊಡಗಿದಳು.

ಸಾಲೆ ಸೂಟಿಯಿದ್ದುದರಿಂದ ಖಾಲಿಯಿತ್ತು. ಬಾಗಿಲು ತೆಗೆದರೆ ಸುಣ್ಣದ ಬಳಪದ ಒಣ ವಾಸನೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳು. ಗಂಗತ್ತಿ ಹಲಗೆಯ ಕೆಳಗೆ ಬಿದ್ದ ಒಂದು ಬಳಪದ ತುಂಡನ್ನು ಎತ್ತಿಕೊಂಡಳು, ನೋಡಿದಳು, ಅದರ ಜಾಗದಲ್ಲಿಯೇ ಇಟ್ಟಳು. ದೊಡ್ಡ ಅಕ್ಕೋರು ಬತ್ತಿದ ಮುಖದ ಹೆಂಗಸು. ಕೊಡೆಯನ್ನು ಬಾಗಿಲಿಗೆ ಒರಗಿಸಿ, “ಹುಡಿಗೇರು ಬರಾಕತ್ತಾರ್ರಿ, ಕಲಿಸವರಽ ಇಲ್ಲ. ನನಗೂ ವಯಸ್ಸಾತು. ಸಾಲಿ ಚಾಲೂ ಆಗೂ ತನಕ ಜಾಗಾ ಹಿಡಿದಿಡತೇನಿ. ಆಮ್ಯಾಲ ನನ್ನ ಕೈಯಾಗಿಲ್ಲ” ಅಂದರು.

ಅಪ್ಪ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಆಯಿ, “ಇವತ್ತ ಏನೂ ಹೇಳಂಗಿಲ್ರಿ ಅಕ್ಕೋರ. ನಮಗ ಇನ್ನೂ ವಿಚಾರ ಮಾಡೂದೈತಿ” ಅಂದುಬಿಟ್ಟಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಶುರುವಾದದ್ದು ಪರೀಕ್ಷೆಯ ಕಾಲ. ಎರಡು ಮಾತಿಗೆ ಒಂದೇ ಹಲ್ಲಿ ಹೂಂ ಅಂದರೆ ಯಾವುದು ಖರೆ? ಆಯಿ ನೆವ ತೆಗೆದು ಕಾರು ಹತ್ತುತ್ತಿದ್ದಳು. “ಈ ವರ್ಷ ಮಳಿ ಚಲೋ ಆಕ್ಕೈತಿ,” ಅನ್ನುತ್ತಿದ್ದಳು. ಕಾರು ಎಡಕ್ಕೆ ಹೊರಳಿ ಸುಮ್ಮನಿರುತ್ತಿತ್ತು. ಆಯಿ ಚಿಂತೆಗೆ ಬೀಳುತ್ತಿದ್ದಳು. ಒಮ್ಮೆ ಪೇಟೆಯ ಮೂಲೆಯಲ್ಲಿ, “ಈ ಸಲದ ಉಪ್ಪಿನಕಾಯಿ ಬೂಸರ ಹಿಡೀತೈತಿ ತಗೋ” ಅಂದಳು. ಟಕ್ ಟಕ್ ಅಂತು.

“ಅಷ್ಟ ಹೇಳಾಕ ಹಲ್ಲಿ ಬೇಕಾಗಿತ್ತೇನ್ರಿ, ಅತ್ತೀರ?” ಅಂದಳು ಅವ್ವ. “ಉಪ್ಪ ಕಮ್ಮಿ ಹಾಕಂತ ನೀವಽ ಹೇಳಿದ್ರಿ.”

ಬಾಜೂ ಮನೆಯವರಿಗೂ ಸುದ್ದಿ ಹೋಯಿತು. ತನ್ನ ಎಮ್ಮೆ ಈದೀತೇ ಇಲ್ಲವೇ ಕೇಳಲು ಒಬ್ಬಳು ಕಾರಿನ ಬಾಗಿಲ ಹತ್ತಿರ ಬಂದು ನಿಂತಾಗ ಅಪ್ಪನ ತಾಳ್ಮೆ ಹೋಯಿತು. “ಕೋರ್ಟಿನಾಗ ದಿನಾ ಸಾಕ್ಷಿ ಕೇಳೂದು ಸಾಲದಂತ, ಈಗ ಗಾಡಿ ಸಾಕ್ಷಿನೂ ಕೇಳಬೇಕಾತು. ಮಿಸ್ತ್ರಿನ ಕರೀತೇನಿ,” ಅಂದರು.

ಹುಸೇನ ಮಿಸ್ತ್ರಿ ಬಸ್ ಸ್ಟ್ಯಾಂಡಿನ ಹತ್ತಿರ ಹುಣಸೆ ಗಿಡದ ಕೆಳಗೆ ಗಾಡಿ ದುರಸ್ತಿ ಮಾಡುತ್ತಿದ್ದ. ಮಾತು ಬಹಳ. ಕಾರನ್ನು ಒಂದು ಸುತ್ತು ಹೊಡೆಸಿ ಬಂದು, “ವಕೀಲಸಾಬ, ಇದು ಏನೂ ಅಲ್ರಿ. ಗ್ರೀಸ್ ಇಲ್ಲ, ಒಣಗಿ ಕೂಗಾಕತ್ತೈತಿ” ಎಂದು ಮುಂದಿನ ಸಂದಿಗಳಿಗೆಲ್ಲ ಗ್ರೀಸ್ ತುಂಬಿದ. ಕಾರು ಸುಮ್ಮನಾಯಿತು. ಗಂಗತ್ತಿಯ ಮುಖವೂ ಸಪ್ಪಗಾಯಿತು. ಆದರೆ ಎರಡು-ಮೂರು ದಿನಕ್ಕೆ ಸಪ್ಪಳ ತಿರುಗಿ ಬಂತು. ಮಿಸ್ತ್ರಿ ಎರಡನೆಯ ಸಲ ಬಂದು ಗಾಲಿಯ ನಡುವಿನ ತಗಡಿನ ಮುಚ್ಚಳ ತೆಗೆದರೆ ಒಳಗೊಂದು ಹರಳು ಸಿಕ್ಕಿತು. ಅದನ್ನು ಒರೆಸಿ, ಮುತ್ತು ಕೊಟ್ಟಂತೆ ನನ್ನ ಅಂಗೈಯಲ್ಲಿಟ್ಟು, “ತಗೋರಿ ಸಣ್ಣ ಬಾಯಿಸಾಬ, ನಿಮ್ಮ ಹಲ್ಲಿ!” ಅಂದ. ಎಲ್ಲರೂ ನಕ್ಕರು. ಆ ಸಂಜೆಯೇ ಓಣಿಯ ಮೂಲೆಯಲ್ಲಿ ಟಕ್, ಟಕ್, ಟಕ್. ಹರಳು ನನ್ನ ಕೈಯಲ್ಲಿಯೇ ಇತ್ತು.

ಆಗ ನಾನು ಅಪ್ಪನಿಗೆ ಹೇಳಿದೆ, ಬಲಕ್ಕೆ ಹೊರಳಿದರೆ ಎಡಗಾಲಿನ ಅಡಿ ಬಡಿಯುತ್ತದೆ ಎಂದು. ಅಪ್ಪ ಮಿಸ್ತ್ರಿಗೆ ಹೇಳಿದರು. “ಬಲಕ್ಕ ಹೊಳ್ಳಿದಾಗ ಭಾರೆಲ್ಲಾ ಎಡಗಾಲಿ ಮ್ಯಾಲ ಬೀಳತೈತ್ರಿ,” ಎಂದು ತಲೆ ಕೆರೆದುಕೊಂಡ ಮಿಸ್ತ್ರಿ ಈ ಸಲ ನಮ್ಮ ಅಂಗಳದಲ್ಲಿಯೇ ಜ್ಯಾಕ್ ಹಚ್ಚಿ ಎಡಗಾಲಿಯನ್ನು ನೆಲದಿಂದ ಎತ್ತಿದ. ಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲುಗಾಡಿಸಿದ. ಗಾಲಿ ಸಡಿಲ ಹಲ್ಲಿನಂತೆ ಆಡಿತು. ಟಕ್.

ಬಾಗಿಲಲ್ಲಿ ನಿಂತಿದ್ದ ಅವ್ವನ ಕೈಗಳಿಗೆ ಜೋಳದ ಹಿಟ್ಟು ಮೆತ್ತಿತ್ತು. “ಬೀಸೂಕಲ್ಲಿನ ನಡಬರಕಿನ ಗೂಟ ಸವದ್ರ ಹಿಂಗಽ ಅಂತೈತಿ,” ಅಂದಳು. “ಮ್ಯಾಲಿನ ಕಲ್ಲ ಜೋಲಿ ಹೊಡೀತೈತಿ.”

“ಬರೋಬ್ಬರ ಹೇಳಿದ್ರಿ!” ಅಂದ ಮಿಸ್ತ್ರಿ. “ಇದಕ್ಕೂ ಒಂದ ಗೂಟ ಐತ್ರಿ, ಕಿಂಗ್ ಪಿನ್ ಅಂತಾರ. ಗಾಲಿ ಹೊಳ್ಳೂದಽ ಅದರ ಮ್ಯಾಲ. ಅದು ಸವದೈತಿ. ವಕೀಲಸಾಬ, ಹಿಂಗಽ ಬಿಟ್ರ ಒಂದಿನ ಗಾಲಿ ಒಂದ ಹಾದಿ, ನೀವೊಂದ ಹಾದಿ.”

ಹೊಸ ಪಿನ್ನು, ಅದರ ಹಿತ್ತಾಳೆಯ ಬುಶ್ಶು ಬೆಳಗಾವಿಯಿಂದ ಬಸ್ಸಿನಲ್ಲಿ ಬರಬೇಕಿತ್ತು. ಅವು ಬರುವ ತನಕ ಕಾರು ಅಂಗಳದಲ್ಲಿ ಕಲ್ಲುಗಳ ಮೇಲೆ ನಿಂತಿತ್ತು. ಹುಕ್ಕೇರಿಯವರು ಮಾತು ಪಕ್ಕಾ ಮಾಡಲು ಕರೆದಿದ್ದರು. ಮೂಡಲಗಿ ಸಾಲೆ ತೆರೆಯುವ ದಿನವೂ ಹತ್ತಿರ ಬಂದಿತ್ತು.

ಅವ್ವ ಬೀಸುತ್ತಿದ್ದಾಗ ಗಂಗತ್ತಿ ಹೋಗಿ ಅತ್ತಿಗೆಯ ಎದುರಿಗೆ ಕೂತು, ಹಿಡಿಗೂಟಕ್ಕೆ ತಾನೂ ಕೈ ಹಚ್ಚಿದಳು. ನಾನು ಅಲ್ಲಿಯೇ ಗಜ್ಜುಗ ಆಡುತ್ತಿದ್ದೆ.

“ವೈನಿ, ಹುಕ್ಕೇರಿಗೆ ಹೋಗಿ ಬರೂ ತನಕ ಗಾಡಿ ಹಂಗಽ ಇರಲಿ ಅಂತ ಅಣ್ಣಗ ಹೇಳ್ರಿ.”

“ಯಾಕ?”

“ಬೇವಿನ ಗಿಡದ ಹೊಳ್ಳಾಣಿಗ್ಯಾಗ ನಾ ಒಂದ ಮಾತ ಹೇಳೂದೈತಿ.”

ಬೀಸುಕಲ್ಲು ಎರಡು ಸುತ್ತು ಸುತ್ತಿತು. “ಗಂಗಾ,” ಅಂದಳು ಅವ್ವ, “ಗಾಲಿ ಕಳಚಿ ಬಿದ್ರ ಎಲ್ಲಾರೂ ಹೋಗತೇವಿ. ಆ ಕೂಸೂ ಗಾಡ್ಯಾಗ ಇರತೈತಿ. ಹಲ್ಲಿ ನುಡೀಲಿ ಅಂತ ಮನಿಮಂದಿ ಜೀವಾ ಪಣಕ್ಕ ಹಚ್ಚಾಕ ಬರತೈತೇನು?”

“ಬರಂಗಿಲ್ಲ. ಗೊತ್ತೈತಿ.” ಗಂಗತ್ತಿ ಹಿಟ್ಟನ್ನು ಕೈಯಿಂದ ಒಳಗೆ ಸರಿಸಿದಳು. “ಆದ್ರ ಈ ಮನ್ಯಾಗ ನನ್ನ ಮಾತಿಗೆ ಹೂಂ ಅಂದದ್ದು ಅದೊಂದಽ, ವೈನಿ.”

ಇಬ್ಬರೂ ಬೀಸಿದರು. ಕಾಳು ಮುಗಿದ ಮೇಲೂ ಕಲ್ಲು ಸ್ವಲ್ಪ ಹೊತ್ತು ಬರಿದೇ ತಿರುಗಿತು.

ಪಿನ್ನು ಬಂತು. ಮಿಸ್ತ್ರಿ ಹಳೆಯದನ್ನು ಬಡಿದು ಹೊರಗೆ ತೆಗೆದು ಒಂದು ಚಿಂದಿಯ ಮೇಲಿಟ್ಟ. ಹೆಬ್ಬೆರಳು ಗಾತ್ರದ ಕಬ್ಬಿಣದ ತುಂಡು. ಆಯಿಯ ಕೋಲಿನ ತುದಿಯಂತೆ ಒಂದೇ ಬದಿಗೆ ಸವೆದು ಹೊಳೆಯುತ್ತಿತ್ತು. ಆಯಿ ಕಟ್ಟೆಯಿಂದ ಇಳಿದು ಬಂದು ಅದನ್ನು ಕೈಗೆ ತೆಗೆದುಕೊಂಡಳು.

“ಇಷ್ಟಽ ಏನು?”

“ಇಷ್ಟಽ ರಿ ಅಮ್ಮಾ.”

ಸವೆದ ಬದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಗ್ರೀಸು ಅವಳ ಕೈಗೆ ಹತ್ತಿತು. “ಒಂದಽ ಬಾಜೂ ಭಾರ ಹೊತ್ತ್ರ ಎಲ್ಲಾ ಹಿಂಗಽ ಸವೀತಾವ,” ಅಂದಳು. ಯಾರಿಗೆ ಅಂದಳೋ. ತುಂಡನ್ನು ಕೆಳಗಿಟ್ಟು ಒಳಗೆ ಹೋಗಿ ಮಲಗಿದಳು. ಅವಳು ಹಗಲು ಹೊತ್ತು ಮಲಗುವವಳಲ್ಲ.

ಕೊನೆಗೆ ಹುಕ್ಕೇರಿಗೆ ಹೊರಟ ದಿನ ಬಂತು. ನನ್ನ ತೊಡೆಯ ಮೇಲೆ ಕರದಂಟಿನ ಪೊಟ್ಟಣ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿಯ ವಾಸನೆ ಸೆಕೆಗೆ ಇನ್ನಷ್ಟು ಗಾಢವಾಗಿ ಕಾರಿನ ತುಂಬ ತುಂಬಿಕೊಂಡಿತ್ತು. ಮಾತು ಪಕ್ಕಾ ಆದ ಮೇಲೆ ಆ ಮನೆಯವರ ಬಾಯಿಗೆ ಹಾಕಲು ತಂದದ್ದು. ಅಪ್ಪ ಚಕ್ರವನ್ನು ಬಿಗಿಯಾಗಿ ಹಿಡಿದಿದ್ದರು. ಅವ್ವ ಕಣ್ಣು ಮುಚ್ಚಿದ್ದಳು.

ಬೇವಿನ ಗಿಡ ಕಂಡಿತು. ಇನ್ನು ಹಲ್ಲಿ ಇಲ್ಲವೆಂದು ಎಲ್ಲರಿಗೂ ಗೊತ್ತು. ಪಿನ್ನನ್ನು ಎಲ್ಲರೂ ಕಣ್ಣಾರೆ ನೋಡಿದ್ದೆವು. ಆದರೂ ಉಸಿರು ಹಿಡಿದೆವು. ನಾನು ಬರಿಗಾಲನ್ನು ನೆಲಕ್ಕೆ ಒತ್ತಿದೆ. ಅಪ್ಪ ಬಲಕ್ಕೆ ಹೊರಳಿಸಿದರು.

ಏನೂ ಇಲ್ಲ. ಗಾಲಿ ಮೆತ್ತಗೆ, ನೀರಿನ ಮೇಲೆ ಹೊರಳಿದಂತೆ ಹೊರಳಿತು. ಗಂಗತ್ತಿಯ ಬಾಯಿ ತೆರೆದದ್ದು ಹಾಗೆಯೇ ಮುಚ್ಚಿತು.

“ಬಸೂ, ಗಾಡಿ ನಿಂದ್ರಸು,” ಅಂದಳು ಆಯಿ.

ಅಪ್ಪ ಬೇವಿನ ನೆರಳಿಗೆ ನಿಲ್ಲಿಸಿದರು. ಇಂಜಿನ್ನು ಆರಿದ ಮೇಲೆ ಕಾರಿನ ಮೇಲೆ ಬೇವಿನ ಹಣ್ಣುಗಳು ಒಂದೊಂದಾಗಿ ಬೀಳುವುದು ಕೇಳಿಸಿತು. ಆಯಿ ಮುಂದೆಯೇ ನೋಡುತ್ತಿದ್ದಳು, ರಸ್ತೆಯ ಕಡೆ.

“ಗಂಗಾ.”

“ಏನವ್ವಾ.”

“ಆ ಕಬ್ಬಣದ ತುಂಡ ಒಮ್ಮಿ ಹುಕ್ಕೇರಿ ಅಂತು, ಒಮ್ಮಿ ಮೂಡಲಗಿ ಅಂತು. ನನ್ನ ಲಗ್ನದಾಗ ಹಲ್ಲೀನೂ ಕೇಳಿರಲಿಲ್ಲ ಯಾರೂ. ಹಿಡದ್ರು, ಕಟ್ಟಿದ್ರು. ಈಗ ಅದೂ ಇಲ್ಲ. ನೀ ಏನಂತಿ?”

ಹೊಳ್ಳಾಣಿಗೆಯಲ್ಲಿ ಹೇಳಲು ಬಾಯಿಪಾಠ ಮಾಡಿಕೊಂಡ ಮಾತು ಬೇರೆ. ನಿಂತ ಕಾರಿನಲ್ಲಿ, ತಾಯಿ ಕೇಳಿದಾಗ ಹೇಳುವ ಮಾತು ಬೇರೆ. ಗಂಗತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಒಲ್ಲೆ, ಅವ್ವಾ,” ಅಂದಳು. “ಆ ಮಂದಿ ಕೆಟ್ಟವರಲ್ಲ. ನಾ ಸಾಲಿಗೆ ಹೋಗಾಕಿ.”

“ಮಂದಿ ಏನೇನ ಅಂತಾರ ಗೊತ್ತೈತಿಲ್ಲ?”

“ಗೊತ್ತೈತಿ.”

“ನಾ ಹೋದ ಮ್ಯಾಲ ಒಬ್ಬಾಕೀನಽ ಇರಬೇಕಾಕ್ಕೈತಿ. ಜ್ವರಾ ಬಂದ್ರ ನೀರ ಕೊಡವರ ಇರಂಗಿಲ್ಲ.”

“ಗೊತ್ತೈತಿ, ಅವ್ವಾ.”

ಆಯಿಯ ಕೈಯ ಗೆರೆಗಳಲ್ಲಿ ಮಿಸ್ತ್ರಿಯ ಗ್ರೀಸು ಇನ್ನೂ ಕರ್ರಗೆ ಉಳಿದಿತ್ತು. ಆಮೇಲೆ ಆ ಕೈ ಎತ್ತಿ, ಗೆಣ್ಣಿನಿಂದ ಮುಂದಿನ ಸೀಟಿನ ಕಟ್ಟಿಗೆಯ ಮೇಲೆ, ನನ್ನ ಬೆನ್ನಿಗೆ ತಾಗುವಂತೆ, ತಾನೇ ಬಡಿದಳು. ಟಕ್, ಟಕ್, ಟಕ್.

“ಖರೆ,” ಅಂದಳು. ದಣಿದ ದನಿ. “ಖರೆ, ತಗೋ.”

ಅವ್ವ ಕಣ್ಣು ತೆರೆಯದೆಯೇ ಗಂಗತ್ತಿಯ ಮೊಣಕಾಲ ಮೇಲೆ ಕೈಯಿಟ್ಟಳು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, “ಹಂಗಾದ್ರ ಹೊಳ್ಳಿ ಮನಿಗೆ ಹೋಗೂಣೇನವ್ವಾ?” ಎಂದು ಕೇಳಿದರು.

“ಯಾಕ? ಹುಕ್ಕೇರಿಗೆ ನಡಿ. ಒಲ್ಲೆ ಅನ್ನೂದನ್ನ ಮಾರಿ ನೋಡಿ ಹೇಳಬೇಕು.”

ಹಾಗೆಯೇ ಹೇಳಿದರು. ಕರದಂಟನ್ನೂ ಕೊಟ್ಟರು. ತಿರುಗಿ ಒಯ್ಯುವುದು ಹೇಗೆ? ‘ಗೋಕಾಕದವರು ಸಿಹಿ ಕೊಟ್ಟಽ ಕಹಿ ಹೇಳಿ ಹೋದ್ರು’ ಎಂದು ಹುಕ್ಕೇರಿಯ ಪೇಟೆಯಲ್ಲಿ ಬಹಳ ದಿನ ಆಡಿಕೊಂಡರಂತೆ.

ಗಂಗತ್ತಿಯ ಬದುಕು ಆಮೇಲೆ ಸುಖದಿಂದ ಸಾಗಿತೆಂದು ಬರೆಯಲಾರೆ. ಮೂಡಲಗಿ, ಅಲ್ಲಿಂದ ಕೌಜಲಗಿ, ತಿರುಗಿ ಮೂಡಲಗಿ ಎಂದು ವರ್ಗಾ ಮಾಡುತ್ತಲೇ ಇದ್ದರು. ಸೋರುವ ಬಾಡಿಗೆ ಕೋಣೆ, ಬಳಪದ ಧೂಳಿಗೆ ಹತ್ತಿದ ಕೆಮ್ಮು, ಮಂದಿಯ ಮಾತು. ಆಯಿ ಹೇಳಿದ್ದರಲ್ಲಿ ಯಾವುದೂ ಸುಳ್ಳಾಗಲಿಲ್ಲ. ಜ್ವರ ಬಂದಾಗ ನೀರು ಕೊಡುವವರಿಲ್ಲ ಎಂದಿದ್ದೊಂದು ಮಾತ್ರ ಕೆಲವು ವರ್ಷ ಸುಳ್ಳಾಯಿತು. ಆಯಿಯೇ ಹೋಗಿ ಅವಳ ಹತ್ತಿರ ಇದ್ದಳು. ಅಲ್ಲಿಯೇ ತೀರಿಕೊಂಡಳು.

ನನ್ನ ಲಗ್ನದ ಹೊತ್ತಿಗೆ ಕಾರು ಮಾರಿಯಾಗಿತ್ತು. ಆಯಿ ಮೂಡಲಗಿಯಲ್ಲಿದ್ದಳು. ಕಾನ್ವೆಂಟಿನ ಕೊನೆಯ ಪರೀಕ್ಷೆ ಮುಗಿಸಿ ನಾನು ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ಎಲ್ಲ ನಿಶ್ಚಯವಾಗಿತ್ತು. ಒಳ್ಳೆಯ ಮನೆ. ಹಿತ್ತಲಲ್ಲಿ ಬಾವಿಯೂ ಇತ್ತು. ದೂರಲು ನನಗೆ ಕಾರಣಗಳಿಲ್ಲ, ಇಷ್ಟು ವರ್ಷ ಹುಡುಕಿಯೂ ಇಲ್ಲ. ಗಂಗತ್ತಿ ಪೆನ್ಶನ್ ಆದ ಮೇಲೆ ಒಮ್ಮೆ ಅವಳನ್ನು ನೋಡಲು ಹೋಗಿದ್ದೆ. ಚಹಾ ಸೋಸುತ್ತ ಬೆನ್ನು ತಿರುಗಿಸಿಯೇ ಕೇಳಿದಳು, “ವಿಮ್ಮಿ, ನಿನ್ನ ಯಾರಾದ್ರೂ ಕೇಳಿದ್ರೇನು, ಆವಾಗ?”

“ಇಲ್ಲ,” ಅಂದೆ.

“ಕೇಳಿದ್ರ ಏನಂತಿದ್ದಿ?”

ನನಗೆ ಹೊಳೆಯಲಿಲ್ಲ. ಹೂಂ ಅನ್ನುತ್ತಿದ್ದೆನೇನೋ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಒಳಗೆಲ್ಲೋ ಕಾದು ಕೂತಿರುತ್ತದೆಂದು ತಿಳಿದಿದ್ದೆ. ಇರುವುದಿಲ್ಲ.

ಈಗ ಮಗ ತನ್ನ ಕಾರಿನಲ್ಲಿ ದವಾಖಾನೆಗೆ ಕರೆದುಕೊಂಡು ಹೋಗುತ್ತಾನೆ. ಕಿಟಕಿ ಏರಿಸಿದರೆ ಹೊರಗಿನದೂ ಒಳಗೆ ಬರುವುದಿಲ್ಲ, ಒಳಗಿನದೂ ಹೊರಗೆ ಹೋಗುವುದಿಲ್ಲ. ಮಾತಾಡುತ್ತ ಕೂತವಳು, ಕಾರು ಬಲಕ್ಕೆ ಹೊರಳುವಾಗ, ನಡುವೆಯೇ ನಿಲ್ಲಿಸುತ್ತೇನೆ. “ಅತ್ತೀ, ಏನೋ ಹೇಳಾಕತ್ತಿದ್ರಿ?” ಅನ್ನುತ್ತಾಳೆ ಸೊಸೆ. “ಏನಿಲ್ಲ ತಗೋವಾ,” ಅನ್ನುತ್ತೇನೆ. ಗೆಣ್ಣು ತಾನಾಗಿಯೇ ಮುಂದಿನ ಸೀಟಿಗೆ ಹೋಗುತ್ತದೆ. ಈಗಿನ ಸೀಟುಗಳು ಮೆತ್ತಗಿರುತ್ತವೆ. ಎಷ್ಟು ಬಡಿದರೂ ಸಪ್ಪಳ ಬರುವುದಿಲ್ಲ.